ಬೆರಳಿನ ಮಾತು ಕೇಳುವ ಪೆಡಲ್‌ಗಳು

ಎಲ್ಲರಿಗೂ ನಮಸ್ಕಾರ. ಡಿಸ್ಟಾರ್ಷನ್, ಡಿಲೇ ಬಗ್ಗೆ ಇಲ್ಲಿ ಕೂತಿರುವ ಗಿಟಾರಿಸ್ಟ್‌ಗಳಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಪೆಡಲ್ ಅಂದರೆ ಗಿಟಾರ್ ಮತ್ತು ಆಂಪ್ (ಆಂಪ್ಲಿಫೈಯರ್) ನಡುವೆ ಕೂತು ಸದ್ದು ಬದಲಿಸುವ ಪೆಟ್ಟಿಗೆ. ಇವತ್ತಿನ ವಿಷಯ ಫಿಲ್ಟರ್ ಪೆಡಲ್ ಮತ್ತು ಗಿಟಾರನ್ನು ಸಿಂಥಸೈಜರ್‌ನಂತೆ ಕೇಳಿಸುವ ಸಿಂಥ್ ಪೆಡಲ್. ಅದರಲ್ಲೂ ಅನಲಾಗ್ ಮಾತ್ರ, ಅಂದರೆ ಸದ್ದನ್ನು ಅಂಕಿಗಳಾಗಿಸದೆ ವಿದ್ಯುತ್ ಅಲೆಯಾಗಿಯೇ ಬದಲಿಸುವಂಥವು.

ಫಿಲ್ಟರ್ ಹೊಸ ಸದ್ದನ್ನು ಹುಟ್ಟಿಸುವುದಿಲ್ಲ. ಇರುವ ಸದ್ದಿನಲ್ಲೇ ಕೆಲವನ್ನು ತಗ್ಗಿಸುತ್ತದೆ, ಕೆಲವನ್ನು ಎತ್ತಿ ಕೇಳಿಸುತ್ತದೆ. ಮೋರ್ಸಿಂಗ್ ನುಡಿಸುವವರನ್ನು ನೋಡಿದ್ದೀರಿ ಅಲ್ವಾ? ಅದರ ಕಬ್ಬಿಣದ ನಾಲಿಗೆ ಮಿಡಿಯುವುದು ಒಂದೇ ಶ್ರುತಿಯಲ್ಲಿ. ಆದರೆ ಬಾಯಿಯ ಆಕಾರ ಬದಲಾದಂತೆ ನಾದ ಬದಲಾಗುತ್ತದೆ. ಅಲ್ಲಿ ಬಾಯಿಯೇ ಫಿಲ್ಟರ್. 'ಊ' ಅನ್ನುತ್ತಾ ನಿಧಾನವಾಗಿ ಬಾಯಿ ತೆರೆದು 'ಆ'ಗೆ ಬನ್ನಿ. ವಾ ಪೆಡಲ್ ಮಾಡುವುದೂ ಇದನ್ನೇ.

ವಾ ಹುಟ್ಟಿದ್ದು 1966ರಲ್ಲಿ, ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ. ಆಂಪ್‌ನ ಒಂದು ದುಬಾರಿ ಸ್ವಿಚ್ ತೆಗೆದು ಅಗ್ಗದ ಪಾಟ್ (ತಿರುಗಿಸುವ ಗುಂಡಿಯ ಪೊಟೆನ್ಶಿಯೋಮೀಟರ್) ಹಾಕುವ ಕೆಲಸ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ಪಾಲಿಗೆ ಬಂದಿತ್ತು. ಪಾಟ್ ತಿರುಗಿಸಿದಂತೆ ಸದ್ದು ಮಾತಾಡತೊಡಗಿತು. ಅದನ್ನು ಆರ್ಗನ್‌ನ ವಾಲ್ಯೂಮ್ ಪೆಡಲ್ ಒಳಗೆ ಕೂರಿಸಿದರು, ಅಷ್ಟೇ. ಖರ್ಚು ಉಳಿಸಲು ಹೋಗಿ ಸಿಕ್ಕ ಸದ್ದು ಇದು!

ವಾದಲ್ಲಿ ಫಿಲ್ಟರನ್ನು ನಡೆಸುವುದು ಕಾಲು. ನನಗೆ ಕುತೂಹಲ ಜಾಸ್ತಿ ಇರುವುದು ಕೈಯೇ ನಡೆಸುವ ಎನ್ವಲಪ್ ಫಿಲ್ಟರ್ ಬಗ್ಗೆ. ಎನ್ವಲಪ್ ಅಂದರೆ ಮೀಟಿದ ಸದ್ದಿನ ಏರಿಳಿತ. 1970ರ ದಶಕದ ಆರಂಭದಲ್ಲಿ ಮೈಕ್ ಬೈಗಲ್ ಎಂಬವರು ಗಿಲ್ಡ್ ಗಿಟಾರ್ ಕಂಪನಿಗೆ ಒಂದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯ, ತಯಾರಿಸುತ್ತಿದ್ದರು. 1972ರಲ್ಲಿ ಗಿಲ್ಡ್ ಮುಖ್ಯಸ್ಥ ಆಲ್ ಡ್ರೊಂಜ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಿಂಥ್ ಕೆಲಸವೂ ನಿಂತುಹೋಯಿತು. ಆಗ ಬೈಗಲ್ ಮತ್ತು ಆರನ್ ನ್ಯೂಮನ್ ಸೇರಿ ಅದರ ಫಿಲ್ಟರ್ ಭಾಗವನ್ನು ಮಾತ್ರ ಹೊರತೆಗೆದು ಪೆಡಲ್ ಮಾಡಿದರು. ಅದೇ ಮ್ಯೂಟ್ರಾನ್ 3. ಅದನ್ನು ಮನೆಮಾತಾಗಿಸಿದವರಲ್ಲಿ ಗಿಟಾರ್ ಅಲ್ಲ, ಕ್ಲಾವಿನೆಟ್ ಎಂಬ ಕೀಬೋರ್ಡ್ ನುಡಿಸಿದ ಸ್ಟೀವಿ ವಂಡರ್ ಕೂಡ ಒಬ್ಬರು.

ಒಳಗೆ ನಡೆಯುವುದು ಇಷ್ಟು. ಗಿಟಾರ್ ಸಿಗ್ನಲ್ ಎರಡು ದಾರಿ ಹಿಡಿಯುತ್ತದೆ. ಒಂದು ನೇರ ಫಿಲ್ಟರ್‌ಗೆ. ಇನ್ನೊಂದನ್ನು ರೆಕ್ಟಿಫೈ ಮಾಡಿ, ಅಂದರೆ ಅಲೆಯನ್ನು ಒಂದೇ ಬದಿಗೆ ತಂದು, ಕೆಪಾಸಿಟರ್‌ನಿಂದ ನಯ ಮಾಡಿದರೆ ನಿಮ್ಮ ಮೀಟಿನ ಏರಿಳಿತದ ವೋಲ್ಟೇಜ್ ಸಿಗುತ್ತದೆ. ಮ್ಯೂಟ್ರಾನ್‌ನಲ್ಲಿ ಅದು ಒಂದು ಎಲ್‌ಇಡಿಯನ್ನು ಬೆಳಗಿಸುತ್ತದೆ. ಪಕ್ಕದಲ್ಲಿ ಬೆಳಕಿಗೆ ರೆಸಿಸ್ಟೆನ್ಸ್ ಬದಲಿಸುವ ಫೋಟೋಸೆಲ್. ಜೋರಾಗಿ ಮೀಟಿದರೆ ಬೆಳಕು ಜಾಸ್ತಿ, ಫಿಲ್ಟರ್ ಅಗಲವಾಗಿ ತೆರೆಯುತ್ತದೆ. ಫೋಟೋಸೆಲ್ ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ಸೋಮಾರಿತನದಿಂದಲೇ ಸದ್ದು ಅಷ್ಟು ಮೆತ್ತಗೆ ಮುಚ್ಚುವುದು.

ಹಾಗಾಗಿ ಇದಕ್ಕಿಂತ ಮೊದಲು, ಸದ್ದಿನ ಏರಿಳಿತವನ್ನು ಸಮ ಮಾಡುವ ಕಂಪ್ರೆಸರ್ ಪೆಡಲ್ ಇಟ್ಟರೆ ಕೆಲಸ ಕೆಟ್ಟಿತು. ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಆಗಿಬಿಡುತ್ತದೆ. ಸದ್ದನ್ನು ಒರಟಾಗಿಸುವ ಫಜ್ ಪೆಡಲ್ ವಿಷಯದಲ್ಲಿ ಮಾತ್ರ ತಕರಾರು ಇದೆ. ಫಜ್ ಮೊದಲಿದ್ದರೆ ಫಿಲ್ಟರ್‌ಗೆ ಕತ್ತರಿಸಲು ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆ ಮೇಲೆ ಕೇಳುವ ಉಪಸ್ವರಗಳು) ಬೇಕಾದಷ್ಟು, ಆದರೆ ಕೈಯ ಏರಿಳಿತ ಮಾಯ. ನನ್ನ ಮತ ಫಿಲ್ಟರ್ ಮೊದಲು ಅನ್ನುವವರ ಕಡೆಗೆ. ನೀವು ಎರಡೂ ಮಾಡಿ ನೋಡಿ.

ಇನ್ನು ಸಿಂಥ್ ಪೆಡಲ್. ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಮೈಕ್ರೋ ಸಿಂಥಸೈಜರ್ ಬಂದದ್ದು 1970ರ ದಶಕದ ಕೊನೆಗೆ. ಅದನ್ನು ರೂಪಿಸಿದ ಡೇವಿಡ್ ಕಾಕರೆಲ್ ಮೊದಲು ಲಂಡನ್ನಿನ ಇಎಂಎಸ್ ಕಂಪನಿಯಲ್ಲಿ ಸಿಂಥಸೈಜರ್ ವಿನ್ಯಾಸ ಮಾಡಿದವರು. ಕೀಬೋರ್ಡ್ ಸಿಂಥ್‌ನಲ್ಲಿರುವ ಆಸಿಲೇಟರ್, ಅಂದರೆ ಅಲೆ ಹುಟ್ಟಿಸುವ ಸರ್ಕ್ಯೂಟ್, ಇದರಲ್ಲಿ ಇಲ್ಲ. ನಿಮ್ಮ ತಂತಿಯೇ ಆಸಿಲೇಟರ್. ಅದರ ಅಲೆಯನ್ನು ಚಚ್ಚಿ ಚೌಕ ಮಾಡಿದರೆ ಸ್ಕ್ವೇರ್ ವೇವ್. ಎರಡು ಅಲೆಗೆ ಒಂದು ಸುತ್ತು ಮುಗಿಸುವ ಫ್ಲಿಪ್‌ಫ್ಲಾಪ್ ಸರ್ಕ್ಯೂಟ್ ಹಾಕಿದರೆ ಸಬ್ ಆಕ್ಟೇವ್, ಅಂದರೆ ಒಂದು ಸ್ಥಾಯಿ ಕೆಳಗಿನ ಸ್ವರ. ಗಿಟಾರ್‌ನ ದಪ್ಪ ಇ ತಂತಿ ಸುಮಾರು 82 ಹರ್ಟ್ಜ್, ಇಲ್ಲಿ 41 ಆಗಿ ಹೊರಬರುತ್ತದೆ. ಇವನ್ನೆಲ್ಲ ಸ್ಲೈಡರ್‌ಗಳಲ್ಲಿ ಬೆರೆಸಿ, ಫಿಲ್ಟರ್‌ಗೆ ಬಿಡುವುದು.

ತೊಂದರೆಯೂ ಇಲ್ಲೇ ಇದೆ. ಎರಡು ತಂತಿ ಒಟ್ಟಿಗೆ ಮೀಟಿದರೆ ಫ್ಲಿಪ್‌ಫ್ಲಾಪ್ ತಬ್ಬಿಬ್ಬಾಗುತ್ತದೆ, ಗಂಟಲು ಮುಕ್ಕಳಿಸಿದಂಥ ಸದ್ದು ಬರುತ್ತದೆ. ಒಂದೇ ತಂತಿಯಲ್ಲೂ ಹಾರ್ಮೋನಿಕ್ ಮೂಲ ಸ್ವರವನ್ನು ಮೀರಿದರೆ ಸದ್ದು ಒಂದು ಆಕ್ಟೇವ್ ಮೇಲಕ್ಕೆ ಹಾರುತ್ತದೆ. ಪೆಡಲ್ ಕೆಟ್ಟಿದೆ ಅಂತ ಸುಮ್ನೆ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ. ನೆಕ್ ಪಿಕಪ್‌ಗೆ ಬನ್ನಿ, ಟೋನ್ ಇಳಿಸಿ, ಹನ್ನೆರಡನೇ ಫ್ರೆಟ್ ಆಸುಪಾಸಿನಲ್ಲಿ ನುಡಿಸಿ, ಉಳಿದ ತಂತಿಗಳನ್ನು ಅಂಗೈಯಿಂದ ಮುಚ್ಚಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ಸಿಂಥಸೈಜರ್‌ಗಳಿಂದ ಹೆಸರಾದ ರಾಬರ್ಟ್ ಮೂಗ್ ಬಗ್ಗೆ ಒಂದು ಮಾತು. ಅವರ ಲ್ಯಾಡರ್ (ಏಣಿ) ಫಿಲ್ಟರ್‌ನಲ್ಲಿ ನಾಲ್ಕು ಮೆಟ್ಟಿಲು. ಒಂದೊಂದೂ ಮೇಲಿನ ಸದ್ದನ್ನು ಆಕ್ಟೇವ್‌ಗೆ 6 ಡೆಸಿಬೆಲ್ ತಗ್ಗಿಸುತ್ತದೆ, ಒಟ್ಟು 24. ಆ ದಪ್ಪ, ದುಂಡು ಸದ್ದಿಗೆ ಅದೂ ಒಂದು ಕಾರಣ. 1998ರಲ್ಲಿ ಅದು ಮೂಗರ್‌ಫೂಗರ್ ಎಂಎಫ್-101 ಪೆಡಲ್ ಆಗಿ ಬಂತು. 2018ರಲ್ಲಿ ಆ ಸಾಲಿನ ತಯಾರಿಕೆ ನಿಂತಿತು. ಈಗ ಹಳೆಯದನ್ನೇ ಹುಡುಕಬೇಕು.

ಮೊದಲು ಯಾವುದನ್ನು ಕೊಳ್ಳಬೇಕು ಅಂದರೆ, ಎನ್ವಲಪ್ ಫಿಲ್ಟರ್ ಅನ್ನುತ್ತೇನೆ. ಸಿಂಥ್ ಪೆಡಲ್ ಒಂದೊಂದೇ ಸ್ವರ ಕೇಳುತ್ತದೆ. ಫಿಲ್ಟರ್‌ಗೆ ಹಲವು ಸ್ವರ ಒಟ್ಟಿಗಿರುವ ಕಾರ್ಡ್ ಕೊಟ್ಟರೂ ನಡೆಯುತ್ತದೆ. ಸೆನ್ಸಿಟಿವಿಟಿಯನ್ನು ಅರ್ಧಕ್ಕಿಂತ ಕೆಳಗಿಟ್ಟು ಶುರು ಮಾಡಿ, ಜೋರಾಗಿ ಮೀಟಿದಾಗ ಮಾತ್ರ ಪೂರ್ತಿ ತೆರೆಯುವ ತನಕ ಸ್ವಲ್ಪಸ್ವಲ್ಪವೇ ಏರಿಸಿ. ಈಗ ಯಾರಾದರೂ ಗಿಟಾರ್ ತೆಗೆದುಕೊಂಡು ಮುಂದೆ ಬನ್ನಿ, ನುಡಿಸಿ ನೋಡೋಣ.