‘ಕಾಮಿಡಿ ಬಿಟ್ಟ ಮೇಲೆ ನಟಿಯಾದರು’ ಅಂದವರಿಗೆ ನನ್ನ ಉತ್ತರ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಸ್ಕ್ರಿಪ್ಟ್ ಕೂಡ ಬರೆದಾಗಿತ್ತು. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಹೋದ ವಾರದ ವಿಡಿಯೋದ ಕಾಮೆಂಟ್ ಓದುತ್ತಾ ಕೂತೆ. ಒಬ್ಬರು ಬರೆದಿದ್ದಾರೆ: ‘ಉಮಾಶ್ರೀ ಕಾಮಿಡಿ ಬಿಟ್ಟ ಮೇಲೇ ನಟಿ ಅಂತ ಆಗಿದ್ದು, ಅದಕ್ಕೆ ಮೊದಲು ಬರೀ ಕೂಗಾಟ.’ ಅದಕ್ಕೆ 40 ಲೈಕು ಬೇರೆ! ಕಾಫಿ ಅಲ್ಲೇ ಆರಿಹೋಯಿತು. ಬರೆದಿಟ್ಟ ಸ್ಕ್ರಿಪ್ಟನ್ನು ಪಕ್ಕಕ್ಕಿಟ್ಟು ಇದನ್ನು ಬರೆದೆ.

ನನ್ನ ಮಾತು ಒಂದೇ. ಉಮಾಶ್ರೀ ಕಾಮಿಡಿ ಬಿಟ್ಟು ನಟಿಯಾದವರಲ್ಲ. ಕಾಮಿಡಿ ಮಾಡುವಾಗಲೇ ನಟಿ. ನಮ್ಮನ್ನು ನಗಿಸಿದ ಉಮಾಶ್ರೀ, ಅಳಿಸಿದ ಉಮಾಶ್ರೀ ಅಂತ ಇಬ್ಬರಿಲ್ಲ. ಒಬ್ಬರೇ ಇರೋದು.

ಮೊದಲು ಗುಲಾಬಿಯಿಂದಲೇ ಶುರು ಮಾಡೋಣ. ಎಲ್ಲರೂ ಅಲ್ಲಿಗೇ ಬರುತ್ತಾರೆ, ಅಲ್ವಾ? ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’, ಮೂಲ ವೈದೇಹಿ ಅವರ ಕಥೆ. 2008ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಉಮಾಶ್ರೀ ಅತ್ಯುತ್ತಮ ನಟಿ. ‘ನೋಡಿ, ಸೀರಿಯಸ್ ಪಾತ್ರ ಮಾಡಿದ ಕೂಡಲೇ ಪ್ರಶಸ್ತಿ ಬಂತು’ ಅನ್ನುತ್ತಾರೆ. ಅನ್ನುವವರು ಆ ಸಿನಿಮಾ ನೋಡಿದ್ದಾರೋ ಇಲ್ಲವೋ ಅಂತ ನನಗೆ ಅನುಮಾನ. ಯಾಕೆಂದರೆ ಗುಲಾಬಿ ನಗು ತರಿಸುವ ಹೆಂಗಸು! ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿ ಇರುವ ಸೂಲಗಿತ್ತಿ. ಗಂಡ ಮೂಸಾ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇರೆ ಇದ್ದಾನೆ. ಇವಳಿಗೆ ಇರುವುದು ಒಂದೇ ಹುಚ್ಚು, ಸಿನಿಮಾ. ಒಂದು ಹೆರಿಗೆಗೆ ಇವಳು ಬೇಕು ಅಂದಾಗ ಟಾಕೀಸಿನಿಂದಲೇ ಎತ್ತಿಕೊಂಡು ಹೋಗಬೇಕಾಗುತ್ತದೆ. ಅದೇ ಋಣಕ್ಕೆ ಡಿಶ್ ಆಂಟೆನಾ ಸಮೇತ ಕಲರ್ ಟಿವಿ ಮನೆಗೆ ಬರುತ್ತದೆ. ಗುಲಾಬಿಯ ಆ ಆಸೆಗಣ್ಣು, ಆ ಹಟ, ಆ ಸಡಗರ ಇದೆಯಲ್ಲ, ಅದು ನಗಿಸಲು ಬಲ್ಲ ನಟಿಯ ಕೈಯಲ್ಲಿ ಮಾತ್ರ ಆಗುವ ಕೆಲಸ. ನಾವು ಅವಳ ಜೊತೆ ನಕ್ಕಿದ್ದೇವೆ. ಅದಕ್ಕೇ ಕಾರ್ಗಿಲ್ ಯುದ್ಧದ ನಂತರ ಊರು ಹಿಂದೂ-ಮುಸ್ಲಿಂ ಅಂತ ಒಡೆದು, ಕೊನೆಗೆ ಅವಳನ್ನು ಬಲವಂತವಾಗಿ ದೋಣಿ ಹತ್ತಿಸುವಾಗ ನಮ್ಮ ಎದೆ ಒಡೆಯುತ್ತದೆ. ಮೊದಲ ಅರ್ಧದ ನಗು ತೆಗೆದುಬಿಡಿ. ಕೊನೆಯ ದೃಶ್ಯಕ್ಕೆ ಶಕ್ತಿಯೇ ಇರುವುದಿಲ್ಲ.

ಹಾಗಾದರೆ ಆ ನಗು ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ? 80 ಮತ್ತು 90ರ ದಶಕದಲ್ಲಿ ಮಾಡಿದ ಕಾಮಿಡಿಯಿಂದ ಬಂತು ಸ್ವಾಮಿ! ಉಮಾಶ್ರೀ ನಟಿಸಿದ, ಕಾಶೀನಾಥ್ ಅವರ ‘ಅನುಭವ’ ಸಿನಿಮಾ ಬಂದಿದ್ದು 1984ರಲ್ಲಿ. ಆಮೇಲೆ ವರ್ಷಗಟ್ಟಲೆ ಎನ್.ಎಸ್. ರಾವ್ ಥರದ ಹಾಸ್ಯನಟರ ಎದುರು ನಿಂತು ಮಾತಿಗೆ ಮಾತು ಕೊಟ್ಟರಲ್ಲ, ಅಲ್ಲಿಂದ ಬಂತು. ಎದುರಿಗಿರುವವರು ಮಾತು ಮುಗಿಸುವ ಮೊದಲೇ ಬಾಯಿ ಹಾಕಿದರೆ ನಗು ಸತ್ತುಹೋಗುತ್ತದೆ. ಒಂದು ಕ್ಷಣ ತಡವಾದರೂ ಸತ್ತುಹೋಗುತ್ತದೆ.

ಇದು ನನಗೆ ಗೊತ್ತಿರುವುದು ಪುಸ್ತಕ ಓದಿ ಅಲ್ಲ. ಕಾಲೇಜು ಮುಗಿಸಿದ ಮೇಲೆ ಮೂರು ವರ್ಷ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡಿದ್ದೇನೆ. ಒಂದರಲ್ಲಿ ನನ್ನದು ಪುಟ್ಟ ಪಾತ್ರ. ಮನೆಯಲ್ಲಿ ಕಜ್ಜಾಯ ಕಾಣೆಯಾಗಿದೆ, ಎಲ್ಲರೂ ಹುಡುಕುತ್ತಿದ್ದಾರೆ. ನಾನು ‘ಅದನ್ನ ನಾನೇ ತಿಂದೆ’ ಅನ್ನಬೇಕು, ಅಷ್ಟೇ. ಹದಿನೈದು ದಿನದ ರಿಹರ್ಸಲ್‌ನಲ್ಲಿ ಒಬ್ಬರೂ ನಗಲಿಲ್ಲ. ಆಮೇಲೆ ನಿರ್ದೇಶಕರು ಬಂದು, ‘ಮಾತು ಆಡೋಕೆ ಮುಂಚೆ ಖಾಲಿ ಡಬ್ಬಿ ಒಂದ್ಸಲ ನೋಡು, ಮುಚ್ಚಳ ಮುಚ್ಚು, ಆಮೇಲೆ ಹೇಳು’ ಅಂದರು. ಶೋ ದಿನ ಮುಚ್ಚಳ ಮುಚ್ಚಿದ ಸದ್ದಿಗೇ ಹಾಲ್ ಪೂರ್ತಿ ನಕ್ಕಿತು. ಎರಡನೇ ಶೋನಲ್ಲಿ ಮುಚ್ಚಳ ಕೂರಲಿಲ್ಲ, ಸ್ವಲ್ಪ ತಡವಾಯಿತು. ಯಾರೂ ನಗಲಿಲ್ಲ. ಅದೇ ಮಾತು, ಅದೇ ಡಬ್ಬಿ! ಆವತ್ತಿನಿಂದ ನಗಿಸುವವರನ್ನು ಕಂಡರೆ ನನಗೆ ಭಕ್ತಿ.

(ಈ ಚಾನೆಲ್‌ಗೆ ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿ. ಪ್ರತಿ ಭಾನುವಾರ ಬೆಳಿಗ್ಗೆ ಹೊಸ ಎಪಿಸೋಡ್ ಬರುತ್ತದೆ.)

ಸರಿ, ‘ಪುಟ್ನಂಜ’ಕ್ಕೆ ಬನ್ನಿ. 1995. ರವಿಚಂದ್ರನ್ ಅವರ ಸಿನಿಮಾ. ಅದರಲ್ಲಿ ಪುಟ್ಮಲ್ಲಿ, ನಾಯಕನ ಅಜ್ಜಿ. ಆಗ ಉಮಾಶ್ರೀ ಅವರ ವಯಸ್ಸು ಎಷ್ಟು ಗೊತ್ತಾ? ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಲೆಕ್ಕ ಹಾಕಿ. 38! ತನಗಿಂತ ನಾಲ್ಕೇ ವರ್ಷ ಚಿಕ್ಕವರಾದ ಹೀರೋಗೆ ಅಜ್ಜಿಯಾಗಿ ನಿಂತಿದ್ದಾರೆ. ನಾವು ಯಾರಾದರೂ ‘ಇವರು ಅಜ್ಜಿ ಅಲ್ಲ’ ಅಂದೆವಾ? ನಮ್ಮೂರ ಟೆಂಟಿನಲ್ಲಿ ಚಾಪೆ ಮೇಲೆ ಕೂತು ನೋಡಿದವನು ನಾನು. ನನ್ನ ಪಕ್ಕ ಕೂತಿದ್ದ ನಿಜವಾದ ಅಜ್ಜಿಯೇ ‘ನಮ್ಮಂಗೇ ಆಡ್ತಾಳಲ್ಲೋ ಇವಳು’ ಅಂದಿದ್ದರು. ಬೆನ್ನು, ನಡಿಗೆ, ಬಾಯಿ, ಎಲ್ಲವೂ ಅಜ್ಜಿಯದೇ. ಇದು ಕೂಗಾಟವಾ? ಇದಕ್ಕೆ ನಟನೆ ಅನ್ನದೆ ಇನ್ನೇನು ಅನ್ನುತ್ತೀರಿ?

ಈಗ ಇನ್ನೊಂದು ವಾದ ಬರುತ್ತದೆ, ನನಗೆ ಗೊತ್ತು. ‘ಆ ಕಾಲದ ಕಾಮಿಡಿಯಲ್ಲಿ ಡಬಲ್ ಮೀನಿಂಗ್ ಜಾಸ್ತಿ ಇತ್ತಲ್ಲ’ ಅಂತ. ಇತ್ತು. ಆ ಡೈಲಾಗ್ ಬರೆದವರು ಯಾರು? ಉಮಾಶ್ರೀನಾ? ಅದಕ್ಕೆ ಶಿಳ್ಳೆ ಹೊಡೆದವರು ಯಾರು? ಬರೆದ ಗಂಡಸರಿಗೆ ಏನೂ ಅನ್ನಲ್ಲ, ಜೊತೆಗೆ ಆಡಿದ ಗಂಡಸರಿಗೆ ‘ಹಾಸ್ಯ ಚಕ್ರವರ್ತಿ’ ಅಂತ ಹಾರ ಹಾಕುತ್ತೀರಿ, ಹೆಂಗಸಿಗೆ ಮಾತ್ರ ‘ಕೂಗಾಟ’ ಅನ್ನುತ್ತೀರಿ. ಈ ವಾದಕ್ಕೆ ನನ್ನ ಹತ್ತಿರ ಇಷ್ಟೇ ಟೈಮು ಇರೋದು. ಮುಂದೆ ಹೋಗೋಣ.

ಕಾಮಿಡಿ ಬಿಟ್ಟ ಮೇಲೆ ನಟಿ ಅಂದಿರಲ್ಲ, ಸಾಕವ್ವನನ್ನು ಎಲ್ಲಿಡುತ್ತೀರಿ? ದೇವನೂರ ಮಹಾದೇವ ಅವರ ಕಿರುಕಾದಂಬರಿ ‘ಒಡಲಾಳ’ದ ಮುದುಕಿ. ಸಿ.ಜಿ. ಕೃಷ್ಣಸ್ವಾಮಿ ಅವರ ನಿರ್ದೇಶನದಲ್ಲಿ ಅದು ರಂಗಕ್ಕೆ ಬಂದಾಗ ಸಾಕವ್ವ ಆದವರು ಉಮಾಶ್ರೀ. ಗುಲಾಬಿಗಿಂತ ಎಷ್ಟೋ ವರ್ಷ ಮುಂಚೆ! ಹುಂಜ ಕಳೆದುಹೋಗಿದೆ, ಮುದುಕಿ ಊರೆಲ್ಲಾ ಹುಡುಕುತ್ತಾಳೆ. ರಾತ್ರಿ ಮನೆಗೆ ಒಂದು ಮೂಟೆ ಕಡ್ಲೆಕಾಯಿ ಬರುತ್ತದೆ, ಇಡೀ ಸಂಸಾರ ಸುತ್ತ ಕೂತು ತಿನ್ನುತ್ತದೆ. ಆಮೇಲೆ ಪೊಲೀಸರು ಬರುತ್ತಾರೆ. ಅಲ್ಲಿ ನಗು ಎಲ್ಲಿ ಮುಗಿಯಿತು, ಹಸಿವು ಎಲ್ಲಿ ಶುರುವಾಯಿತು, ಹೇಳಿ ನೋಡೋಣ? ಗೆರೆ ಎಳೆಯೋಕೆ ಆಗಲ್ಲ. ಕಳೆದ ಹುಂಜಕ್ಕೆ ಶಾಪ ಹಾಕುವ ಬಾಯಿಯೇ ಹಸಿದ ಬಾಯಿ. ಅದನ್ನು ರಂಗದ ಮೇಲೆ ತರಲು ಎರಡೂ ಗೊತ್ತಿರುವವರೇ ಬೇಕು. ಎರಡೂ ಗೊತ್ತಿತ್ತು, ಆವತ್ತೇ ಗೊತ್ತಿತ್ತು.

ಟಿವಿಗೆ ಬರೋಣ. ‘ಅಯ್ಯೋ ಸೀರಿಯಲ್ಲಾ’ ಅಂತ ಮೂಗು ಮುರಿಯಬೇಡಿ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ಗಂಡುಮಗು ಆಗಲಿಲ್ಲ ಅಂತ ಗಂಡ ಬಿಟ್ಟುಹೋದ ಹೆಂಗಸು. ಸಹನಾ, ಸ್ನೇಹಾ, ಸುಮಾ ಅಂತ ಮೂರು ಹೆಣ್ಣುಮಕ್ಕಳು. ಮೆಸ್ ನಡೆಸಿ ಸಾಕುತ್ತಾಳೆ. ನಮ್ಮಮ್ಮ ಆ ಹೊತ್ತಿಗೆ ಕುಕ್ಕರ್ ಆಫ್ ಮಾಡಿಬಿಡುತ್ತಿದ್ದರು, ವಿಷಲ್ ಸದ್ದಿಗೆ ಪುಟ್ಟಕ್ಕನ ಮಾತು ಕೇಳಿಸಲ್ಲ ಅಂತ. ನಾನು ನಿಂತುಕೊಂಡೇ ನೋಡುತ್ತಿದ್ದೆ, ಆಮೇಲೆ ಕೂತೆ. ಪುಟ್ಟಕ್ಕ ಅಳುತ್ತಾಳೆ ನಿಜ. ಆದರೆ ಮಕ್ಕಳನ್ನು ಗದರಿಸುವಾಗ, ಮೆಸ್ಸಿಗೆ ಬಂದವರಿಗೆ ಬಡಿಸುತ್ತಾ ಎರಡು ಮಾತು ಸೇರಿಸುವಾಗ ಕಿವಿಗೊಟ್ಟು ಕೇಳಿ. ಅದೇ ಹಳೇ ಟೈಮಿಂಗ್! ಸೀರಿಯಲ್‌ನಲ್ಲಿ ಅಳುವವರಿಗೆ ಬರವಿಲ್ಲ. ಪುಟ್ಟಕ್ಕನ ಅಳು ಮಾತ್ರ ಯಾಕೆ ತಟ್ಟಿತು? ನಗಿಸಲು ಬಲ್ಲವಳು ಅಳುತ್ತಿದ್ದಳು, ಅದಕ್ಕೆ.

ಇನ್ನೂ ಒಪ್ಪಲ್ವಾ? ಹಾಗಾದರೆ ‘ರತ್ನನ್ ಪ್ರಪಂಚ’ ಹಾಕಿ. ಅದೂ 2021ರದ್ದೇ. ಧನಂಜಯ ಇನ್ಶೂರೆನ್ಸ್ ಏಜೆಂಟ್, ಉಮಾಶ್ರೀ ತಾಯಿ ಸರೋಜಾ. ಆಕೆಯ ಬಾಯಿಗೆ ಬ್ರೇಕೇ ಇಲ್ಲ. ಮಗನಿಗೆ ತಲೆ ಚಿಟ್ಟು ಹಿಡಿಯುತ್ತದೆ, ನಮಗೆ ನಗು. ಆಮೇಲೆ ಅವನಿಗೆ ತಾನು ದತ್ತುಮಗ ಅಂತ ತಿಳಿಯುತ್ತದೆ. ಆಗ ಹಿಂದೆ ಆಡಿದ ಒಂದೊಂದು ಗೊಣಗಾಟವೂ ತಿರುಗಿ ಬಂದು ಎದೆಗೆ ಚುಚ್ಚುತ್ತದೆ. ಇದೂ ಅವರೇ, ಅದೂ ಅವರೇ! ಒಂದೇ ಪಾತ್ರದಲ್ಲಿ, ಒಂದೇ ಸೀರೆಯಲ್ಲಿ! ಅದಕ್ಕೆ ಫಿಲಂಫೇರ್ ಪೋಷಕ ನಟಿ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ ಬಿಡಿ.

ರಾಜಕೀಯದ ಬಗ್ಗೆ ಮಾತಾಡಿ ಅಂತ ಕೆಲವರು ಕೇಳುತ್ತೀರಿ. ತೇರದಾಳದಿಂದ ಗೆದ್ದರು, 2013ರಲ್ಲಿ ಸಚಿವೆಯಾದರು. ಈ ಚಾನೆಲ್‌ನಲ್ಲಿ ಅಷ್ಟು ಸಾಕು. ನನಗೆ ಮುಖ್ಯ ಅನಿಸಿದ್ದು ಅವರು ಮತ್ತೆ ಬಣ್ಣ ಹಚ್ಚಿದ್ದು. ‘ಶರ್ಮಿಷ್ಠೆ’ ನಾಟಕದಲ್ಲಿ ಇಡೀ ರಂಗದ ಮೇಲೆ ಒಬ್ಬರೇ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನಕ್ಕೆ ಇಳಿದರು, ಮಂಥರೆಯಾಗಿ. 67ನೇ ವಯಸ್ಸಿನಲ್ಲಿ! ಮಂಥರೆ ನೋಡಿ, ನಗಿಸಬೇಕು, ಜೊತೆಗೆ ಮನೆಯನ್ನೂ ಮುರಿಯಬೇಕು. ಯಾರನ್ನು ಕರೆಯುತ್ತಾರೆ ಮತ್ತೆ?

ಕಾಮೆಂಟ್ ಹಾಕಿದ ಅಣ್ಣ, ಅಥವಾ ಅಕ್ಕ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಇದ್ದದ್ದು ಹೇಳಿ ಮುಗಿಯಿತು. ಈ ವಾರ ಒಂದು ಕೆಲಸ ಮಾಡಿ. ರಾತ್ರಿ ಊಟ ಮಾಡಿ ‘ಪುಟ್ನಂಜ’ ನೋಡಿ. ಮಾರನೇ ದಿನ ‘ಗುಲಾಬಿ ಟಾಕೀಸ್’ ನೋಡಿ. ಪುಟ್ನಂಜನೇ ಮೊದಲು, ಮರೆಯಬೇಡಿ. ನೋಡಿ ಬಂದು ಇದೇ ವಿಡಿಯೋ ಕೆಳಗೆ ಬರೆಯಿರಿ. ನಾನು ಪಿನ್ ಮಾಡುತ್ತೇನೆ. ಉಳಿದವರೂ ನಿಮಗೆ ಇಷ್ಟವಾದ ಉಮಾಶ್ರೀ ಪಾತ್ರ ಬರೆಯಿರಿ. ನಮ್ಮಮ್ಮ ಆಗಲೇ ಹೇಳಿದ್ದಾರೆ, ಅವರದ್ದು ಪುಟ್ಮಲ್ಲಿ ಅಂತೆ. ಬರೆದಿಟ್ಟ ಆ ಇನ್ನೊಂದು ಸ್ಕ್ರಿಪ್ಟು ಮುಂದಿನ ಭಾನುವಾರ. ಸಿಗೋಣ.