ಸುಣ್ಣಕ್ಕೆ ಸೋತ ನಕ್ಷತ್ರಮೀನು

ಕೇಳುಗರಿಗೆ ನಮಸ್ಕಾರ. ಹಳೆಯ ಕಾಮಿಕ್ಸ್ ಅಂದ ಕೂಡಲೇ ಜನ ನನ್ನನ್ನು ಕೇಳೋದು ಒಂದೇ ಪ್ರಶ್ನೆ, "ಈಗ ಅದರ ಬೆಲೆ ಎಷ್ಟು ಸಾರ್?" ಇವತ್ತಿನ ಪುಸ್ತಕಕ್ಕೆ 1960ರಲ್ಲಿ ಹತ್ತು ಸೆಂಟು. ಸಾಕಲ್ವೆ? ಇನ್ನು ಕಥೆಗೆ ಬರೋಣ.

ಅಮೆರಿಕದ ಡಿಸಿ ಕಂಪನಿಯ 'ದಿ ಬ್ರೇವ್ ಅಂಡ್ ದಿ ಬೋಲ್ಡ್', 28ನೇ ಸಂಚಿಕೆ. ಜಸ್ಟಿಸ್ ಲೀಗ್ ಅನ್ನೋ ಸೂಪರ್‌ಹೀರೋಗಳ ತಂಡ ಮೊದಲು ಕಾಣಿಸಿಕೊಂಡದ್ದು ಇದರಲ್ಲೇ. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಮೈಕ್ ಸೆಕೌಸ್ಕಿ. ಮುಖಪುಟದಲ್ಲಿ ಒಂದು ದೈತ್ಯ ನಕ್ಷತ್ರಮೀನು, ನಟ್ಟನಡುವೆ ಒಂದೇ ಕಣ್ಣು. ಹೆಸರು ಸ್ಟಾರೋ. ಬಾಹ್ಯಾಕಾಶದಿಂದ ಬಂದು ನಮ್ಮ ಸಮುದ್ರದ ನಕ್ಷತ್ರಮೀನುಗಳನ್ನೇ ದೈತ್ಯರನ್ನಾಗಿ ಮಾಡಿ ಛೂ ಬಿಡುತ್ತೆ, ಊರಿಗೆ ಊರನ್ನೇ ವಶ ಮಾಡಿಕೊಳ್ಳುತ್ತೆ. ಸುದ್ದಿ ಮೊದಲು ಮುಟ್ಟೋದು ತಂಡದ ಆಕ್ವಾಮ್ಯಾನ್‌ಗೆ, ಮೀನುಗಳ ಜೊತೆ ಮಾತಾಡಬಲ್ಲವನು. ಹೇಳಿದ್ದು ಯಾರು? ಒಂದು ಪಫರ್ ಮೀನು!

ವಂಡರ್ ವುಮನ್, ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್ ಎಲ್ಲ ಬಂದು ಹೊಡೆದಾಡ್ತಾರೆ. ಆದರೆ ಸ್ಟಾರೋನನ್ನು ಕೆಡವಿದ್ದು ಸುಣ್ಣ. ಹೌದು, ಸುಣ್ಣ! ಸ್ನ್ಯಾಪರ್ ಕಾರ್ ಅಂತ ಒಬ್ಬ ಹುಡುಗ, ಮಾತಿಗೊಮ್ಮೆ ಚಿಟಿಕೆ ಹೊಡೆಯೋನು. ಮನೆ ಮುಂದಿನ ಹುಲ್ಲಿಗೆ ಸುಣ್ಣ ಎರಚ್ತಾ ಇದ್ದ. ಮೈಯೆಲ್ಲ ಸುಣ್ಣ. ಇಡೀ ಊರಿನ ಬುದ್ಧಿ ಸ್ಟಾರೋ ಕೈಲಿ, ಇವನೊಬ್ಬನ ಬುದ್ಧಿ ಮಾತ್ರ ನೆಟ್ಟಗೆ. ಕಾಪಾಡಿದ್ದು ಆ ಸುಣ್ಣವೇ ಅಂತ ಗೊತ್ತಾಗಿ ತಂಡದವರು ಸ್ಟಾರೋ ಮೇಲೂ ಸುಣ್ಣ ಸುರಿದರು.

ನಮ್ಮ ಮಾವನ ಕಥೆ ಹೇಳಲೇಬೇಕು. ಮಲೆನಾಡಿನವರು, ಅಡಿಕೆ ತೋಟ. ಒಂದು ಮಳೆಗಾಲ ಅವರ ಮನೆಯಲ್ಲಿ ಇದರ ಮರುಮುದ್ರಣ ಓದ್ತಾ ಕೂತಿದ್ದೆ. ಹಿತ್ತಲಲ್ಲಿ ಡ್ರಮ್ಮಿನ ತುಂಬ ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ. ಮಾವ ಕೋಲಲ್ಲಿ ಕಲಕ್ತಾ, "ಏನೋ ಅದು?" ಅಂದ್ರು. ಕಥೆ ಹೇಳಿದೆ. ಕೋಲು ನಿಂತಿತು. ಮೊಣಕೈವರೆಗೂ ನೀಲಿ ಮೆತ್ತಿದ ಕೈಯಲ್ಲೇ ಪುಸ್ತಕ ಇಸಕೊಂಡು ಕೊನೆಯ ಪುಟಗಳನ್ನು ನೋಡಿದರು. "ಕೊಳೆರೋಗಕ್ಕೇ ಸುಣ್ಣ ಬೇಕು ಮಾರಾಯ, ಮೀನು ಯಾವ ಲೆಕ್ಕ! ಬರೆದೋನು ಬುದ್ಧಿವಂತ" ಅಂದ್ರು. ಆ ಪುಟದ ಮೇಲೆ ಅವರ ಹೆಬ್ಬೆರಳಿನ ನೀಲಿ ಗುರುತು ಇವತ್ತಿಗೂ ಇದೆ. ಬೆಲೆ ಕೇಳೋರಿಗೆ ಅದನ್ನೇ ತೋರಿಸ್ತೀನಿ.

ಮಾವನ ಮಾತು ಸರಿ. ಸಿಂಪಿ ಬೆಳೆಯೋರು ನಕ್ಷತ್ರಮೀನಿನ ಕಾಟಕ್ಕೆ ನಿಜವಾಗಿಯೂ ಸುಣ್ಣ ಬಳಸ್ತಿದ್ದರು. ಫಾಕ್ಸ್ ಮಂತ್ರ ಹಾಕಿ ಗೆಲ್ಲಿಸಲಿಲ್ಲ, ಸುಣ್ಣ ಹಾಕಿ ಗೆಲ್ಲಿಸಿದರು.

ಅಯ್ಯೋ, ಸಮಯ ಆಯ್ತಂತೆ, ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಇದರಲ್ಲಿ ಹೆಸರಿಗಷ್ಟೇ. ಚಿತ್ರಗಳು ಅಲ್ಲಲ್ಲಿ ಒರಟು. 1961ರಲ್ಲಿ ಎದುರಾಳಿ ಕಂಪನಿ ಮಾರ್ವೆಲ್‌ನವರ ಸೂಪರ್‌ಹೀರೋ ತಂಡ ಫೆಂಟಾಸ್ಟಿಕ್ ಫೋರ್ ಬಂತು, ಅದು ಇನ್ನೊಂದು ದಿನಕ್ಕೆ. ಮರುಮುದ್ರಣ ಸಿಕ್ಕರೆ ಜೋಪಾನಕ್ಕೆ ಹಾಕಿದ ಪ್ಲಾಸ್ಟಿಕ್ ಚೀಲ ಹರಿದು ಓದಿ, ಸುಣ್ಣದ ಪುಟ ಬಿಡಬೇಡಿ. ನಮಸ್ಕಾರ.