ದಿನ ತುಂಬದ ಕೂಸಿಗೆ ಮೊದಲ ಬಿಸುಪು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಸಂಜೆಯ ಉಷ್ಣತೆ 23 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಹವೆ ಹಿತವಾಗಿದೆಯೆಂದು ಕಿಟಕಿ ತೆರೆದಿಡುತ್ತೇವೆ. ಅದೇ 23 ಡಿಗ್ರಿಯ ಕೋಣೆಯಲ್ಲಿ, ಆಗಷ್ಟೇ ಹುಟ್ಟಿ ಬರಿಮೈಯಲ್ಲಿ ಮಲಗಿರುವ ಕೂಸು ಕಳೆದುಕೊಳ್ಳುವ ಶಾಖವು, ಸೊನ್ನೆ ಡಿಗ್ರಿಯ ಚಳಿಯಲ್ಲಿ ಬಟ್ಟೆಯಿಲ್ಲದೆ ನಿಂತ ದೊಡ್ಡವರೊಬ್ಬರು ಕಳೆದುಕೊಳ್ಳುವ ಶಾಖಕ್ಕೆ ಸಮವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯೊಂದು ಹೇಳುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನ ಪಾಡು ಇದಕ್ಕಿಂತಲೂ ಕಠಿಣ.

ಚಳಿಯಾದಾಗ ನಮ್ಮ ಮೈ ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತದೆ. ನವಜಾತ ಶಿಶುವಿಗೆ ಆ ಶಕ್ತಿ ಇಲ್ಲ. ಅದು ನೆಚ್ಚಿಕೊಂಡಿರುವುದು ಕತ್ತು ಮತ್ತು ಹೆಗಲುಗಳ ಸುತ್ತ ಶೇಖರವಾಗಿ, ಕರಗುತ್ತ ಶಾಖ ಕೊಡುವ ಕಂದು ಕೊಬ್ಬನ್ನು. ಈ ಕೊಬ್ಬು ಹೆಚ್ಚಾಗಿ ಗರ್ಭದ ಕೊನೆಯ ತಿಂಗಳುಗಳಲ್ಲಿ ಕೂಡಿಕೊಳ್ಳುವುದರಿಂದ, ದಿನ ತುಂಬದ ಮಗು ಆ ಗಂಟನ್ನು ಕಟ್ಟಿಕೊಳ್ಳುವ ಮುನ್ನವೇ ಹೊರಗೆ ಬಂದಿರುತ್ತದೆ. ಅದರ ಚರ್ಮವೂ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಹರವೂ ಹೆಚ್ಚು. ಮೈ ತಣ್ಣಗಾದಂತೆ ಬಿಸಿ ಉಳಿಸಿಕೊಳ್ಳಲು ಇದ್ದಷ್ಟು ಸಕ್ಕರೆ ಮತ್ತು ಆಮ್ಲಜನಕವನ್ನು ವ್ಯಯಿಸಿ, ಕೊನೆಗೆ ರಕ್ತದ ಸಕ್ಕರೆ ಕುಸಿದು, ಉಸಿರಾಟವೂ ತೊಡಕಾಗುತ್ತದೆ. ಮಗುವಿನ ಮೈ 36.5ರಿಂದ 37.5 ಡಿಗ್ರಿಯೊಳಗೆ ಇರಬೇಕೆಂದು ವೈದ್ಯರು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಶಾಖ ಅತಿ ಬೇಗ ಸೋರಿಹೋಗುವುದು ಒದ್ದೆ ಮೈಯಿಂದ. ಆದುದರಿಂದ ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿಯಷ್ಟು ಬೆಚ್ಚಗಿರಬೇಕು, ಫ್ಯಾನ್ ನಿಂತಿರಬೇಕು. ಮಗುವನ್ನು ಒಣಬಟ್ಟೆಯಿಂದ ಒರೆಸಿ, ಒರೆಸಿದ ಬಟ್ಟೆಯನ್ನು ಆಚೆ ಹಾಕಿ, ತಲೆಗೆ ಕುಲಾವಿ ತೊಡಿಸಬೇಕು. 32 ವಾರಕ್ಕೂ ಮೊದಲೇ ಹುಟ್ಟಿದ ಮಗುವಾದರೆ ಕ್ರಮ ಬೇರೆ: ಮೈ ಒರೆಸುವುದಕ್ಕೂ ಕಾಯದೆ, ಕುತ್ತಿಗೆಯವರೆಗೆ ಶುಚಿಯಾದ ಪ್ಲಾಸ್ಟಿಕ್ ಚೀಲದೊಳಗೆ ಇರಿಸುತ್ತಾರೆ, ಮುಖ ಹೊರಗೇ ಇರುತ್ತದೆ. ಕಂಡವರಿಗೆ ಗಾಬರಿಯಾಗುವುದು ಸಹಜ. ಆದರೆ ಮೈಯ ತೇವ ಆವಿಯಾಗದಂತೆ ತಡೆಯುವ ಸರಳ ಉಪಾಯವದು.

ನಮ್ಮ ಮನೆಗಳಲ್ಲಿ ಬೇರೂರಿರುವ ನಂಬಿಕೆಯೊಂದನ್ನು ಇಲ್ಲಿ ಪ್ರಸ್ತಾಪಿಸಬೇಕು. ಮಗು ತಣ್ಣಗಿದೆ ಎಂದೊಡನೆ ಅಜ್ಜಿಯಂದಿರು ಎರಡು ಮೂರು ಬಟ್ಟೆ ಸುತ್ತಿ ಮಲಗಿಸುತ್ತಾರೆ. ಬಟ್ಟೆಗೆ ತನ್ನದೆಂಬ ಬಿಸಿ ಇಲ್ಲ. ಒಳಗಿನ ಮೈ ಹುಟ್ಟಿಸಿದ ಶಾಖವನ್ನು ಅದು ಹಿಡಿದಿಡುತ್ತದೆ, ಅಷ್ಟೆ. ಶಾಖವನ್ನೇ ಹುಟ್ಟಿಸಲಾಗದ ಮೈಗೆ ಎಷ್ಟು ಸುತ್ತಿದರೂ ತಣ್ಣಗಿನ ಗಂಟೊಂದು ಸಿದ್ಧವಾಗುತ್ತದೆ. ಬಿಸಿನೀರಿನ ಬಾಟಲಿ ಇಟ್ಟರೆ ತೆಳು ಚರ್ಮ ಸುಡುತ್ತದೆ, ಅಗ್ಗಿಷ್ಟಿಕೆಯ ಹೊಗೆ ಬಲಿಯದ ಶ್ವಾಸಕೋಶಕ್ಕೆ ಹೋಗುತ್ತದೆ. ಮಗುವಿಗೆ ಬೇಕಾದುದು ಬಿಸಿ ಕೊಡುವ ಇನ್ನೊಂದು ಮೈ.

ಕೊಲಂಬಿಯಾ ದೇಶದ ಬೊಗೋಟಾದಲ್ಲಿ 1978ರಲ್ಲಿ ಮಕ್ಕಳನ್ನು ಬೆಚ್ಚಗಿಡುವ ಇಂಕ್ಯುಬೇಟರ್ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಪುಟ್ಟ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿ ಬೆಳೆಸುವ ಕ್ರಮವನ್ನು ಆರಂಭಿಸಿದರು. ಅದೇ ಕಾಂಗರೂ ಆರೈಕೆ. ಬಡತನದ ಉಪಾಯವೆಂದು ಕೆಲವರು ಇದನ್ನು ಕಡೆಗಣಿಸಿದ್ದುಂಟು. ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಮಾತ್ರ ಇದನ್ನು ಆರಂಭಿಸಬೇಕೆಂಬ ಎಣಿಕೆಯೂ ಬಹುಕಾಲ ಇತ್ತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ, ಒಂದು ಕಿಲೋದಿಂದ 1.8 ಕಿಲೋದೊಳಗಿನ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು ಆ ಎಣಿಕೆಯನ್ನು ತಲೆಕೆಳಗು ಮಾಡಿತು: ಹುಟ್ಟಿದೊಡನೆ ಎದೆಗೆ ಹಾಕಿಕೊಂಡ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ಸುಮಾರು ಶೇಕಡ 25ರಷ್ಟು ಕಡಿಮೆಯಾಗಿತ್ತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆಗಳ ಕಾಂಗರೂ ಆರೈಕೆಯನ್ನು ಶಿಫಾರಸು ಮಾಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಈ ಕ್ರಮವನ್ನು ವಿಸ್ತರಿಸುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು.

ವಿಧಾನ ಕಷ್ಟದ್ದಲ್ಲ. ಲಂಗೋಟಿ, ಕುಲಾವಿ, ಕಾಲುಚೀಲ ಮಾತ್ರ ತೊಡಿಸಿದ ಮಗುವನ್ನು ತಾಯಿಯ ಎರಡು ಮೊಲೆಗಳ ನಡುವೆ ನೇರವಾಗಿ ಇರಿಸಿ, ಉಸಿರಿಗೆ ಅಡ್ಡಿಯಾಗದಂತೆ ಮುಖವನ್ನು ಒಂದು ಬದಿಗೆ ತಿರುಗಿಸಿ, ಇಬ್ಬರನ್ನೂ ಸೇರಿಸಿ ಬಟ್ಟೆ ಕಟ್ಟಬೇಕು. ತಾಯಿ ದಣಿದಾಗ ತಂದೆಯೋ ಅಜ್ಜಿಯೋ ಎದೆ ಕೊಡಬಹುದು. ಬಾಣಂತನದ ಮನೆಯಲ್ಲಿ ಎಣ್ಣೆ ನೀರಿನ ಅವಸರ ಬೇಡ. ಮಗುವಿನ ಮೊದಲ ಸ್ನಾನ ವೈದ್ಯರು ಒಪ್ಪಿದ ಮೇಲೆ ಆಗಲಿ.

ಆಗಾಗ ಮಗುವಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಂಗೈಯ ಹಿಂಬದಿಯಿಂದ ಮುಟ್ಟಿ ನೋಡಿರಿ. ಎರಡೂ ಬೆಚ್ಚಗಿದ್ದರೆ ಸರಿ. ಅಂಗಾಲು ಮಾತ್ರ ತಣ್ಣಗಿದ್ದರೆ ತಡಮಾಡದೆ ಎದೆಗೆ ಹಾಕಿಕೊಳ್ಳಿರಿ. ಹೊಟ್ಟೆಯೂ ತಣ್ಣಗಾಗಿದ್ದರೆ, ಅಥವಾ ಮಗು ಹಾಲು ಚೀಪುವುದನ್ನು ಬಿಟ್ಟಿದ್ದರೆ, 108ಕ್ಕೆ ಕರೆ ಮಾಡಿರಿ. ಆಸ್ಪತ್ರೆ ತಲುಪುವವರೆಗೂ ಮಗು ಯಾರಾದರೊಬ್ಬರ ಎದೆಯ ಮೇಲೆಯೇ ಇರಲಿ.